ಎದ್ದು ಹೋಗುವ ಹಕ್ಕು

ಕಾಲೇಜಿನಲ್ಲಿ ಮಗಳು ಈಡಿ ಸೈಕಾಲಜಿ ತೆಗೆದುಕೊಂಡ ಮೇಲೆ ನಮ್ಮ ಮನೆಯಲ್ಲಿ ಯಾರೂ ಸುಮ್ಮನೆ ಸಿಟ್ಟಾಗುವ ಹಾಗಿಲ್ಲ. ಪ್ರತಿ ಸಿಟ್ಟಿಗೂ ಒಂದು ಹೆಸರಿರುತ್ತದೆ. ಬೆಕ್ಕು ಸೋಫಾದಡಿ ಹೋಗಿ ಕೂತರೆ ಅದಕ್ಕೂ ಬಾಲ್ಯದಲ್ಲೊಂದು ಕಾರಣ.

"ನಮ್ಮ ಕಾಲದಲ್ಲಿ ಇದನ್ನ ಪಕ್ಕದ ಮನೆ ಉಸಾಬರಿ ಅಂತಿದ್ರು," ಎನ್ನುತ್ತಾಳೆ ನನ್ನ ಅಮ್ಮ ಮೊರೀನ್. "ಈಗ ಅದಕ್ಕೆ ಪರೀಕ್ಷೆ ಬೇರೆ ಇಟ್ಟಿದಾರೆ."

ಕಳೆದ ಭಾನುವಾರ ಈಡಿ ನನ್ನನ್ನು ಎದುರಿಗೆ ಕೂರಿಸಿಕೊಂಡು, ಅಜ್ಜಿಯಿಂದ ತಿಳಿದುಕೊಂಡದ್ದೆಂದು ನನ್ನ ಬಾಲ್ಯದ ನಾಲ್ಕು ಘಟನೆಗಳನ್ನು ಹೇಳಿದ್ದಳು. ನೆನಪಿನ ಮೇಲೆ ಪ್ರಯೋಗವಂತೆ. ವಾರವಿಡೀ ಅವುಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದು, ನೆನಪಾದದ್ದನ್ನು ಮುಂದಿನ ಭಾನುವಾರ ಹೇಳಬೇಕು.

"ಬೇಡ ಅನ್ನಿಸಿದ್ರೆ ಯಾವಾಗ ಬೇಕಾದ್ರೂ ಎದ್ದು ಹೋಗ್ಬಹುದಮ್ಮ. ಕಾರಣ ಕೇಳೋ ಹಾಗಿಲ್ಲ. ಅದು ನಿಯಮ."

"ಮದುವೇಲೂ ಇಂಥದೊಂದು ಇದ್ದಿದ್ರೆ ಚೆನ್ನಾಗಿತ್ತು," ಎಂದಳು ಅಮ್ಮ.

ಜೇನುನೊಣ ಕಚ್ಚಿದ್ದು, ಹಾಲಿನ ಬಾಟಲಿ ಒಡೆದದ್ದು, ಕ್ರಿಸ್ಮಸ್ ನಾಟಕದಲ್ಲಿ ಕುರಿಯಾಗಿ ನಿಂತು ಅತ್ತದ್ದು. ನಾಲ್ಕನೆಯದು, ನಮ್ಮೂರಿನ ಮೋರ್ಕಂಬ್ ಕೊಲ್ಲಿಯ ದಂಡೆಯಲ್ಲಿ ಮಂಜು ಕವಿದು ನಾನು ಕಳೆದುಹೋದದ್ದು. ಅಪ್ಪ ಹುಡುಕಿ ಬಂದು, ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ತಂದದ್ದು.

ಅಪ್ಪ ನನಗೆ ಐದು ತುಂಬುವ ಮೊದಲೇ ಮನೆ ಬಿಟ್ಟವನು. ಅಮ್ಮ ಅವನನ್ನು ಎಲ್ಲ ಫೋಟೋಗಳಿಂದಲೂ ಕತ್ತರಿಸಿ ತೆಗೆದಿದ್ದಳು. ಒಂದರಲ್ಲಿ ಮಾತ್ರ ನನ್ನ ಭುಜದ ಮೇಲೆ ನಾಲ್ಕು ಬೆರಳು ಉಳಿದುಕೊಂಡಿವೆ. ನನಗೆ ಗೊತ್ತಿದ್ದ ಅಪ್ಪ ಅಷ್ಟೇ.

ಮೊದಲು ಏನೂ ನೆನಪಾಗಲಿಲ್ಲ. ಆಮೇಲೊಂದು ದಿನ ನಾನು ಕೆಲಸ ಮಾಡುವ ಹೋಟೆಲಿನ ಲಾಂಡ್ರಿಯಲ್ಲಿ ಬಿಳಿ ಹಾಸುಗಳನ್ನು ಮಡಿಸುತ್ತಿದ್ದಾಗ, ಆ ಬಿಳುಪಿನೊಳಗಿಂದ ಉಪ್ಪುನೀರು ಕುಡಿದ ಉಣ್ಣೆಯ ವಾಸನೆ ಬಂತು. ಮರುದಿನ ಸೀಗಡಿ ಬೇಯಿಸಿದ ವಾಸನೆ. ಆಮೇಲೆ ನನ್ನ ಗಲ್ಲದಡಿ ಒದ್ದೆ ಕೂದಲು, ಕಣಕಾಲುಗಳನ್ನು ಹಿಡಿದ ಬೆಚ್ಚಗಿನ ಅಂಗೈಗಳು. ನಾನು ಮಂಜಿನ ಮೇಲೆ ತೇಲುತ್ತಿದ್ದೆ. ಕೆಳಗೆ ಊರಿರಲಿಲ್ಲ, ಕಡಲಿರಲಿಲ್ಲ. ಅವನು ಏನನ್ನೋ ಗುನುಗುತ್ತಿದ್ದ. ಅದು ಕಿವಿಗಿಂತ ಮೊದಲು ನನ್ನ ಕಾಲುಗಳಿಗೆ ಕೇಳಿಸುತ್ತಿತ್ತು. ಅಂದು ಸಂಜೆ ಬಸ್ಸು ನನ್ನ ನಿಲ್ದಾಣ ದಾಟಿ ಹೋಯಿತು. ನಾನಿನ್ನೂ ಆ ಎತ್ತರದಿಂದ ಇಳಿದಿರಲಿಲ್ಲ.

ಈ ಭಾನುವಾರದ ಊಟಕ್ಕೆ ಕೂತಾಗ ಅದನ್ನೆಲ್ಲ ಹೇಳಿದೆ. ಈಡಿ ಮೊದಮೊದಲು ಹುರುಪಿನಿಂದ ಬರೆದುಕೊಂಡಳು. ಗುನುಗಿನ ಮಾತು ಬರುವಷ್ಟರಲ್ಲಿ ಅವಳ ಪೆನ್ನು ನಿಂತಿತ್ತು. ಅವಳು ಅಜ್ಜಿಯ ಕಡೆ ನೋಡಿದಳು. ಅಜ್ಜಿ ತಟ್ಟೆಯಲ್ಲಿದ್ದ ಆಲೂಗಡ್ಡೆಯ ಕಡೆ ನೋಡಿದಳು.

"ಅಮ್ಮ, ಪ್ರಯೋಗ ಮುಗಿದ್ಮೇಲೆ ನಿಜ ಹೇಳ್ಬೇಕು. ಈ ನಾಲ್ಕರಲ್ಲಿ ಒಂದು, ನಾನೂ ಅಜ್ಜೀನೂ ಸೇರ್ಕೊಂಡು ಕಟ್ಟಿ..."

"ನಾನು ಎದ್ದೆ," ಎಂದೆ, ಕೂತಲ್ಲಿಂದಲೇ.

"ಎಲ್ಲಿಗೆ?"

"ಪ್ರಯೋಗದಿಂದ. ಕಾರಣ ಕೇಳೋ ಹಾಗಿಲ್ಲ."

"ಅಯ್ಯೋ, ಎದ್ದು ಹೋದೋರಿಗೂ ಹೇಳ್ಲೇಬೇಕಮ್ಮ! ಟೀಚರ್ ನನ್ನ ಚರ್ಮ ಸುಲೀತಾರೆ."

"ಇವತ್ತೇ ಹೇಳ್ಬೇಕಂತಾ?"

ಈಡಿ ನನ್ನ ಮುಖವನ್ನೇ ನೋಡುತ್ತ ಕೂತಳು. ಈ ಸಲ ಅವಳು ಅದಕ್ಕೆ ಯಾವ ಹೆಸರನ್ನೂ ಇಡಲಿಲ್ಲ.

"ಯಾವತ್ತು ಅಂತ ನಿಯಮದಲ್ಲಿ ಹೇಳಿಲ್ಲ," ಎಂದಳು ಮೆಲ್ಲಗೆ. "ನೀನು ಕೇಳಿದ ದಿನ ಹೇಳ್ತೀನಿ."

"ಕೇಳಿದ ದಿನ," ಎಂದೆ.

ಅವಳು ಬರೆದ ಹಾಳೆಯನ್ನು ಮಡಿಸಿ ತಟ್ಟೆಯ ಕೆಳಗೆ ತಳ್ಳಿದಳು. ಕಿಟಕಿಯಾಚೆ ಕೊಲ್ಲಿಯಲ್ಲಿ ಇಳಿತದ ನೀರು ಕಾಣದಷ್ಟು ದೂರ ಸರಿದಿತ್ತು. ಒದ್ದೆ ಮರಳಷ್ಟೇ ಹೊಳೆಯುತ್ತಿತ್ತು. ಅಮ್ಮ ಗ್ರೇವಿಯ ಪಾತ್ರೆಯನ್ನು ನನ್ನ ಕಡೆ ಸರಿಸಿದಳು. ತಲೆ ಎತ್ತಲಿಲ್ಲ.

"ಹೆಗಲೇನೋ ಅಗಲವಾಗೇ ಇತ್ತು ಅವನದು," ಎಂದಳು. "ಅಷ್ಟಂತೂ ನಿಜ."

ಅವನ ಬಗ್ಗೆ ಅವಳ ಬಾಯಿಂದ ನಾನು ಕೇಳಿದ ಮೊದಲ ಒಳ್ಳೆಯ ಮಾತು ಅದು. ಆ ಹೆಗಲಿನ ಮೇಲೆ ಕೂತೇ ನಾನು ಗ್ರೇವಿ ಸುರಿದುಕೊಂಡೆ.