ನಾನು ಜಗದಾಂಬ, ಹೇಳಿ

ಮೇಜಿನ ಮೇಲಿನ ಫೋನಿನ ಕೆಂಪು ದೀಪ ಮಿಣುಕುತ್ತಲೇ ಇತ್ತು. ಜಗದಾಂಬ ಅದರ ಮೇಲೆ ಕರವಸ್ತ್ರ ಹಾಕಿದರೂ ಬಟ್ಟೆಯೊಳಗಿಂದ ಅದು ಕಣ್ಣಿಗೆ ಚುಚ್ಚುತ್ತಿತ್ತು. ಶಿಕಾರಿಪುರದ ಈ ಬೀಜ, ಗೊಬ್ಬರದ ಆಫೀಸಿನಲ್ಲಿ ಅವಳು ಟೆಲಿಫೋನ್ ಬೋರ್ಡಿನ ಮುಂದೆ ಕೂತೇ ಕೂದಲು ನರೆಸಿಕೊಂಡಿದ್ದಳು. ಇಷ್ಟು ವರ್ಷದಲ್ಲಿ ಯಾರ ಮೇಲೂ ಅವಳಿಗೆ ಹೀಗೆ ಮೈ ಉರಿದಿರಲಿಲ್ಲ.

ಸಿಟ್ಟು ಮಲ್ಲಿಕಾರ್ಜುನನ ಮೇಲೆ. ಹಿರಿಯ ಧಣಿ ಚಂದ್ರಶೇಖರಪ್ಪ ತೀರಿಕೊಂಡ ಮೇಲೆ ಮಗನಾದ ಇವನೇ ಯಜಮಾನ. ಹಿಂದಿನ ವಾರ ಸಂಜೆಯ ಗಾಳಿಗೆ ಸೊರಬದ ಗೋಡೌನಿನ ತಗಡು ಕಿತ್ತುಹೋಗಿ, ಹಿಂದೆಯೇ ಬಂದ ಮಳೆಗೆ ಮೆಕ್ಕೆಜೋಳದ ಬಿತ್ತನೆ ಬೀಜವೆಲ್ಲ ನೆನೆದು ಚೀಲದೊಳಗೇ ಮೊಳಕೆಯೊಡೆದಿತ್ತು. ಒಂದು ಫೋನಾದರೂ ಮಾಡಲಿಲ್ಲವೆಂದು ಅಲ್ಲಿನ ಕಾವಲುಗಾರ ಉಜ್ಜಪ್ಪನನ್ನು ಮಲ್ಲಿಕಾರ್ಜುನ ಕೆಲಸದಿಂದ ತೆಗೆದಿದ್ದ. ಉಜ್ಜಪ್ಪ ಬಸ್ಸು ಹತ್ತಿ ಬಂದು, ಚಪ್ಪಲಿ ಹೊರಗೆ ಬಿಟ್ಟು, ಹೆಗಲ ಕಂಬಳಿ ಸರಿಮಾಡಿಕೊಂಡು ಬಾಗಿಲಲ್ಲೇ ನಿಂತು ಹೇಳಿದ್ದ: "ಮಾಡಿದ್ನಲ್ರೀ ಸಣ್ ಧಣೀರೆ. ಅಮ್ಮೋರೇ ಎತ್ತಿದ್ರು. ಆದ್ರೆ ನನ್ ಕೂಡೆ ಮಾತಾಡ್ಲಿಲ್ಲ."

ಎಲ್ಲರೂ ಜಗದಾಂಬಳ ಮುಖ ನೋಡಿದ್ದರು. ಆ ಸಂಜೆ ಅವಳು ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಫೋನ್ ಎತ್ತಿದ್ದು ಅವಳಲ್ಲ, ವಾಯ್ಸ್‌ಮೇಲ್ ಪೆಟ್ಟಿಗೆ. ಅದರೊಳಗಿದ್ದ ದನಿ ಮಾತ್ರ ಅವಳದು. ಉಜ್ಜಪ್ಪನಿಗೂ ಅವಳು ಅವತ್ತೇ ಅದನ್ನು ಬಿಡಿಸಿ ಹೇಳಿದ್ದಳು.

ಶಿವಮೊಗ್ಗದಲ್ಲಿ ಯಾವುದೋ ಕಂಪನಿ ಬಾಗಿಲು ಹಾಕಿದಾಗ ಮಲ್ಲಿಕಾರ್ಜುನ ಅಗ್ಗಕ್ಕೆ ತಂದ ಹಳೆಯ ಪೆಟ್ಟಿಗೆ ಅದು. ಆಫೀಸು ಮುಚ್ಚಿದ ಮೇಲೆ ಬಂದ ಫೋನನ್ನು ತಾನೇ ಎತ್ತಿ, ಹೇಳಿದ್ದನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. "ಇದು ಯಂತ್ರ, ಶಬ್ದ ಬಂದ ಮೇಲೆ ವಿಷಯ ಹೇಳಿ" ಎಂದು ಜಗದಾಂಬ ಮೊದಲು ಅದರಲ್ಲಿ ಮಾತಾಡಿದ್ದಳು. ಅವನು ಒಪ್ಪಲಿಲ್ಲ. "ಯಂತ್ರ ಅಂದ್ರೆ ಹಳ್ಳಿಯೋರು ಇಟ್ಟೇಬಿಡ್ತಾರೆ ಅಕ್ಕಾರೆ. ‘ನಮಸ್ಕಾರ, ನಾನು ಜಗದಾಂಬ, ಹೇಳಿ’ ಅನ್ರಿ. ಅಷ್ಟು ಸಾಕು." ಅದರ ಪಾಸ್‌ವರ್ಡ್ ಗೊತ್ತಿದ್ದ ಗುಮಾಸ್ತ ಕೆಲಸ ಬಿಟ್ಟುಹೋದ. ಅಂದಿನಿಂದ ಅದರೊಳಗೆ ಯಾರು ಏನು ಹೇಳಿದರೆಂದು ಕೇಳುವವರೇ ಇಲ್ಲ. ದೀಪ ಮಿಣುಕುತ್ತಿದೆ ಎಂದು ಅವಳು ಹೇಳಿದಾಗಲೆಲ್ಲ, "ಮಿಣುಕಲಿ ಬಿಡ್ರಿ, ದೀಪಾವಳಿಗೆ ಆಗುತ್ತೆ" ಎಂದು ಅವನು ನಕ್ಕಿದ್ದ.

ಇವತ್ತು ಶಿವಮೊಗ್ಗದಿಂದ ರೇಣುಕಾಪ್ರಸಾದ್ ಬಂದಿದ್ದ. ಫೋನುಗಳ ರಿಪೇರಿಯವನು. ಕಪ್ಪು ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟಾಗ ಆಫೀಸಿನವರೆಲ್ಲ ಬಂದು ಇಣುಕಿದರು.

"ಎಲ್ಲ ಅಳಿಸಿ ಹೊಸದಾಗಿ ಮಾಡ್ರಿ" ಎಂದ ಮಲ್ಲಿಕಾರ್ಜುನ.

"ಅಳಿಸೋಕೆ ಮುಂಚೆ ಕೇಳ್ಬೇಕು" ಎಂದಳು ಜಗದಾಂಬ.

"ಪಾಸ್‌ವರ್ಡೇ ಇಲ್ಲ, ಏನ್ ಕೇಳ್ತೀರಿ?"

"ಉಜ್ಜಪ್ಪ ಫೋನ್ ಮಾಡಿದ್ನೋ ಇಲ್ವೋ, ಅದನ್ನ ಕೇಳ್ತೀನಿ. ಅವನ ಅನ್ನ ಈ ಪೆಟ್ಟಿಗೆ ಒಳಗೈತೆ."

ರೇಣುಕಾಪ್ರಸಾದ್ ಇಬ್ಬರ ಮುಖವನ್ನೂ ನೋಡಿದ. "ಪಾಸ್‌ವರ್ಡ್ ಒಂದನ್ನೇ ತೆಗೀಬಹುದು ಸಾರ್. ಮಾತು ಹಂಗೇ ಉಳೀತವೆ. ಸ್ವಲ್ಪ ಹೊತ್ತು ಹಿಡಿಯುತ್ತೆ."

"ಹೊತ್ತು ಯಾರಿಗಿದೆ? ಅಳಿಸಿ ಅಂದ್ರೆ ಅಳಿಸ್ರಿ."

ಜಗದಾಂಬ ತನ್ನ ಕುರ್ಚಿಯನ್ನು ಎಳೆದು ಪೆಟ್ಟಿಗೆಗೆ ಅಡ್ಡ ಹಾಕಿಕೊಂಡು ಕೂತಳು. ಕುರ್ಚಿ ಎಳೆದ ಸದ್ದಿಗೇ ಒಳಗಿದ್ದ ಹಮಾಲರು ಹೊರಗೆ ಬಂದು ನಿಂತರು. ಮಲ್ಲಿಕಾರ್ಜುನ ಅವರನ್ನು ನೋಡಿ, "ಏನಾದ್ರೂ ಮಾಡ್ಕೊಳ್ಳಿ" ಎಂದು ಗೊಣಗಿ ಎದುರಿಗೇ ಕೂತ.

ಲ್ಯಾಪ್‌ಟಾಪಿನ ವೈರು ಪೆಟ್ಟಿಗೆಗೆ ಹೊಂದಲಿಲ್ಲ. ಹಳೆಯ ಪೆಟ್ಟಿಗೆಯ ಬಾಯಿ ಅಗಲ, ಇದರದು ಚಿಕ್ಕದು. "ಇದ್ರ ಬಾಯೂ ನಿಮ್ಮ ಹಂಗೇ ಹಠ ಹಿಡೀತು ನೋಡ್ರಿ ಅಕ್ಕಾರೆ" ಎಂದ ಮಲ್ಲಿಕಾರ್ಜುನ. ರೇಣುಕಾಪ್ರಸಾದ್ ಬಿಸಿಲಿನಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಕ್ಲಾಸಿಗೆ ನಡೆದುಹೋಗಿ, ಎರಡನ್ನೂ ಜೋಡಿಸುವ ತುಂಡೊಂದನ್ನು ಕಡ ತಂದ. ಜಗದಾಂಬಳ ಕೈ ನೋಯುವ ಮಂಡಿಯ ಮೇಲೆಯೇ ಇರುವುದನ್ನು ಕಂಡು, ಹೇಳದೆ ಕೇಳದೆ ಕಾಗದದ ಕಟ್ಟೊಂದನ್ನು ಅವಳ ಕಾಲ ಕೆಳಗೆ ಸರಿಸಿಟ್ಟ. ಅಷ್ಟು ಸಿಟ್ಟಿನಲ್ಲೂ ಅವಳು ಅದನ್ನು ಗಮನಿಸಿದಳು.

ಮೊದಲು ಪರದೆಯ ತುಂಬ ಅರ್ಥವಿಲ್ಲದ ಗುರುತುಗಳು ಸುರಿದವು. "ಇದು ನಿಧಾನದ ಕಾಲದ್ದು, ಲ್ಯಾಪ್‌ಟಾಪ್ ಜೋರಾಗಿ ಮಾತಾಡ್ತಿದೆ" ಎಂದು ವೇಗ ಇಳಿಸಿದ. ಅಕ್ಷರಗಳು ಸಾಲಾಗಿ ನಿಂತವು. ಪಾಸ್‌ವರ್ಡ್ ತೆಗೆದು, ಫೋನಿನ ಸ್ಪೀಕರ್ ಹಾಕಿ ಬಟನ್ ಒತ್ತಿದ.

"ನಮಸ್ಕಾರ ಅಮ್ಮೋರೆ, ಸೊರಬದಿಂದ ನಾನು ಉಜ್ಜಪ್ಪ. ಚೆನ್ನಾಗಿದೀರಾ? ಮಂಡಿನೋವು ಹೆಂಗದೆ?"

ಆಮೇಲೆ ಮೌನ. ಉತ್ತರಕ್ಕೆ ಕಾಯುವವನ ಮೌನ. "ಅಮ್ಮೋರೆ?" ಎಂದದ್ದೇ ತಡ, ಪೆಟ್ಟಿಗೆ ಸಮಯ ಮುಗಿಯಿತೆಂದು ಮಾತು ಕತ್ತರಿಸಿತು.

ಮತ್ತೆ ಅವನೇ. "ಲೈನ್ ಹೋತು ಕಾಣ್ತದೆ. ನಮ್ಮನೆಯೋಳು ಕೊಟ್ಟ ಎಣ್ಣೆ ಹಚ್ಕೊಂಡ್ರಾ?" ಮತ್ತೆ ಮೌನ. ಮೌನದ ಹಿಂದೆ ತಗಡು ದಡದಡ ಹೊಡೆದುಕೊಳ್ಳುತ್ತಿತ್ತು. ಮತ್ತೆ ಕತ್ತರಿಸಿತು.

ಮೂರನೆಯದರಲ್ಲಿ ದನಿ ಕುಗ್ಗಿತ್ತು. "ಅಮ್ಮೋರೆ, ಹೇಳಿ ಅಂತೀರಿ, ಆಮೇಲೆ ಮಾತಾಡಲ್ಲ. ನನ್ ಮೇಲೆ ಸಿಟ್ಟಾ? ಏನ್ ತಪ್ ಮಾಡ್ದೆ?" ಅವನು ಕಾದ. ದೂರದಿಂದ ಅವನ ಹೆಂಡತಿ ವರದಮ್ಮನ ಕೂಗು ಕೇಳಿಸಿತು: "ಫೋನ್ ಬಿಟ್ ಬರ್ರೀ, ಇನ್ನೊಂದ್ ತಗಡೂ ಹೋತು, ಚೀಲ ಎಳೀಬೇಕು." ಅಲ್ಲಿಗೆ ಮುಗಿಯಿತು.

ಮಲ್ಲಿಕಾರ್ಜುನ ಗಂಟಲು ಸರಿಮಾಡಿಕೊಂಡ. "ಅವನೆಲ್ಲಿ ವಿಷಯ ಹೇಳಿದ? ಮಂಡಿ, ಎಣ್ಣೆ ಅಂತ ಕೂತ. ಹಿಂದೆ ಹೆಂಗಸು ಕೂಗಿದ್ದನ್ನ ತಿಳಿಸಿದ್ದು ಅನ್ನೋಕಾಗುತ್ತಾ?"

ಜಗದಾಂಬ ಕುರ್ಚಿಯಲ್ಲೇ ಅವನ ಕಡೆ ತಿರುಗಿದಳು.

"ನಿಮ್ಮಪ್ಪಾರು ಫೋನ್ ಎತ್ತಿದ್ರೆ ಮೊದ್ಲು ಏನ್ ಕೇಳ್ತಿದ್ರು? ಊಟ ಆಯ್ತಾ ಅಂತ. ಅವನು ಅದನ್ನೇ ಕಲ್ತಿದ್ದು. ಹೋಗ್ಲಿ ಬಿಡ್ರಿ. ಆ ಹೊತ್ತು ‘ನಾನು ಜಗದಾಂಬ’ ಅಂದೋಳು ಯಾರು? ನಾನೇ ಅಂತ ನೀವೇ ಹೇಳಿಸಿದ್ರಿ. ಹಂಗಾದ್ರೆ ಅವನು ನನ್ ಕೂಡೆ ಮಾತಾಡಿದ, ವರದಮ್ಮ ಕೂಗಿದ್ದೂ ನನ್ನ ಕಿವಿಗೆ ಬಿತ್ತು, ನಾನು ಬಾಯಿ ಮುಚ್ಕೊಂಡು ಕೂತೆ. ತಪ್ಪು ನಂದು. ಕೆಲಸ ಬಿಡ್ಸೋದಿದ್ರೆ ನನ್ನ ಬಿಡಿಸ್ರಿ. ಅದು ನಾನಲ್ಲ, ಯಂತ್ರ ಅಂತೀರೋ? ಹಂಗಂತ ಅವನಿಗೆ ಯಾರ್ ಹೇಳಿದ್ರು?"

ಹಮಾಲರಲ್ಲಿ ಒಬ್ಬ ಕೆಮ್ಮಿದ. ಮಲ್ಲಿಕಾರ್ಜುನ ಕಿಟಕಿಯ ಕಡೆ ನೋಡಿದ, ಲ್ಯಾಪ್‌ಟಾಪ್ ನೋಡಿದ, ಕೊನೆಗೆ, "ಆಯ್ತು, ಬರಹೇಳಿ ಅವನ್ನ" ಎಂದ, ಭಿಕ್ಷೆ ಹಾಕುವವನ ಹಾಗೆ.

ಅವಳಿಗೆ ಇನ್ನಷ್ಟು ಉರಿಯಿತು. ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ ಉಜ್ಜಪ್ಪನ ಮನೆಯ ಪಕ್ಕದ ಕಿರಾಣಿ ಅಂಗಡಿಗೆ ಫೋನ್ ಹಚ್ಚಿ, ಅವನು ಬರುವ ತನಕ ಹಿಡಿದುಕೊಂಡು, ರಿಸೀವರನ್ನು ಮಲ್ಲಿಕಾರ್ಜುನನ ಕೈಗೇ ಕೊಟ್ಟಳು. "ತೆಗೆದೋರೇ ಕರೀಬೇಕು."

"ಉಜ್ಜಪ್ಪ, ನಾಳೆಯಿಂದ ಕೆಲಸಕ್ಕೆ ಬಾ" ಎಂದ ಅವನು. ಆ ಕಡೆಯಿಂದ ಉಸಿರಿಲ್ಲ. "ಹಲೋ. ಉಜ್ಜಪ್ಪ. ಅಕ್ಕಾರೆ, ಮಾತೇ ಆಡ್ತಿಲ್ಲ ಇವನು."

"ಯಾವುದೋ ಪೆಟ್ಟಿಗೆ ಅನ್ಕೊಂಡಿರ್ತಾನೆ. ಕುಶಲ ಕೇಳ್ರಿ."

ಮಲ್ಲಿಕಾರ್ಜುನನ ಕಿವಿ ಕೆಂಪಾಯಿತು. "ಚೆನ್ನಾಗಿದೀಯೇನೋ ಉಜ್ಜಪ್ಪ?"

"ಚೆನ್ನಾಗಿದೀನ್ರೀ ಸಣ್ ಧಣೀರೆ" ಎಂದು ರಿಸೀವರಿನಿಂದ ದನಿ ಹೊರಗೆಲ್ಲ ಕೇಳುವಷ್ಟು ಜೋರಾಗಿ ಬಂತು. "ನೀವು? ಮನೇಲಿ ಎಲ್ಲ ಆರಾಮಾ?"

ಇಷ್ಟು ಜನರ ಮುಂದೆ ಅದಕ್ಕೆ ಉತ್ತರ ಕೊಡದೆ ಅವನಿಗೆ ಬೇರೆ ದಾರಿ ಇರಲಿಲ್ಲ. ಮನೆಯ ಒಬ್ಬೊಬ್ಬರ ವಿಚಾರವನ್ನೂ ಹೇಳಿ ಮುಗಿಸಿದ. ಮುಗಿಸಿ, "ತಗಡು ಹಾಕಿಸ್ತೀನಿ, ಬಾ" ಎಂದ. ಈ ಸಲ ಬರುತ್ತೇನೆ ಎಂಬ ಮಾತು ಬಂತು.

ಜಗದಾಂಬಳ ಸಿಟ್ಟು ಇಳಿದಿರಲಿಲ್ಲ. ಪೆಟ್ಟಿಗೆಯ ಮುಂದಿನಿಂದ ಕುರ್ಚಿ ಸರಿಸಿ ರೇಣುಕಾಪ್ರಸಾದನಿಗೆ ಜಾಗ ಬಿಟ್ಟಳು.

"ಈಗ ಅಳಿಸಪ್ಪ" ಎಂದಳು. "ಮೊದ್ಲು ನನ್ನ ದನಿ ಅಳಿಸು."