ಬಂದವರಿಗೆಲ್ಲ ಒಂದೊಂದು ಹಂತ

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎನ್ನುವವರು ಸುಗ್ಗಿಯಲ್ಲಿ ಒಮ್ಮೆ ಮಾರುಕಟ್ಟೆಯ ಒಳಗೆ ನಿಂತು ನೋಡಬೇಕು. ಚೀಲ ಸುರಿದ ಕೂಡಲೇ ಏಳುವ ಘಾಟಿಗೆ ಕಣ್ಣುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಆಮೇಲೆ ದಾರಿ ಗೊತ್ತಾಗುವುದು ಕಿವಿಯಿಂದಲೇ. ಒಂದು ಕಡೆ ಹಮಾಲರ ಕೂಗು, ಇನ್ನೊಂದು ಕಡೆ ಚಹಾದವನ ಗ್ಲಾಸಿನ ಸದ್ದು, ಎದುರಿಗೆ ಕಾಯಿಯ ತೊಟ್ಟು ಬಿಡಿಸುತ್ತ ಕೂತ ಹೆಣ್ಣುಮಕ್ಕಳ ಮಾತು.

ನಮ್ಮ ಆಟ ಹುಟ್ಟಿದ್ದು ಅಲ್ಲಿಯೇ. ಮೊಬೈಲಿನ ಆಟ. ಅಜ್ಜಿಯ ಮೆಣಸಿನಕಾಯಿ ಚೀಲ ಕಳೆದುಕೊಂಡ ಹುಡುಗಿಯೊಬ್ಬಳು ಮಾರುಕಟ್ಟೆಯಲ್ಲಿ ಅದನ್ನು ಹುಡುಕಬೇಕು. ಪರದೆಯ ಮೇಲೆ ಕೆಂಪು ಧೂಳು ಬಿಟ್ಟರೆ ಏನೂ ನೆಟ್ಟಗೆ ಕಾಣದು. ಜನರ ಧ್ವನಿ ಹಿಡಿದೇ ನಡೆಯಬೇಕು. ಇದನ್ನು ಯೋಚಿಸಿದವನು ಪ್ರಾಣೇಶ. ಹಾವೇರಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪ್ರಯೋಗಾಲಯ ನೋಡಿಕೊಳ್ಳುತ್ತಾನೆ. ಧ್ವನಿಯ ಪಾಲು ನನ್ನದು. ನಾನು ಮೃಣಾಲಿನಿ, ರಾಣೇಬೆನ್ನೂರಿನಲ್ಲಿ ಅಪ್ಪನ ಅಂಗಡಿಯಲ್ಲಿ ಕೂತು ಲಗ್ನಪತ್ರಿಕೆ ಟೈಪ್ ಮಾಡುತ್ತೇನೆ. ಧ್ವನಿಯ ಕೆಲಸ ಯಾರೂ ಕಲಿಸಿದ್ದಲ್ಲ. ವಿಡಿಯೋ ನೋಡಿ ನೋಡಿ, ಮೊದಲು ಅಪ್ಪನ ಗೊರಕೆಯನ್ನು, ಆಮೇಲೆ ಗಿರಾಕಿಗಳ ಜಗಳವನ್ನು ರೆಕಾರ್ಡ್ ಮಾಡುತ್ತ ಕಲಿತದ್ದು. ಪ್ರಾಣೇಶ ಅಂಗಡಿಗೆ ಏನೋ ಪ್ರಿಂಟ್ ತೆಗೆಸಲು ಬಂದವನು ನನ್ನ ಜಗಳಗಳನ್ನೆಲ್ಲ ಕೇಳಿ ನಕ್ಕು, ಬಸ್ಸು ತಪ್ಪಿಸಿಕೊಂಡ. ಅಲ್ಲಿಂದ ನಾವಿಬ್ಬರೂ ತಂಡ. ಸಂಬಳವಿಲ್ಲ, ಸಾಹುಕಾರನಿಲ್ಲ, ಭಾನುವಾರವೇ ನಮ್ಮ ಬಂಡವಾಳ.

ಮೆಹಬೂಬಿ ಚಾಚಿ ಸಿಕ್ಕಿದ್ದು ನಾವು ಮೊದಲ ಸಲ ಬ್ಯಾಡಗಿಗೆ ಮೈಕು ಹಿಡಿದುಕೊಂಡು ಹೋದಾಗ. ತೊಟ್ಟು ಬಿಡಿಸುವವರ ಸಾಲಿನಲ್ಲಿ ಅವರ ಧ್ವನಿ ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. ಮೈಕಿಗೆ ನಾನೇ ಹೊಲಿದು ತೊಡಿಸಿದ್ದ ಟೊಪ್ಪಿಗೆ ನೋಡಿ ಕೇಳಿದರು.

"ಏನ ಹಿಡದೀಯವಾ ಅದು, ಬದನೀಕಾಯಿ?"

"ಮೈಕ್ ರೀ ಚಾಚಿ. ನಿಮ್ಮ ಮಾತು ಹಿಡ್ಕೊಂಡು ಹೋಗ್ಲಿಕ್ಕೆ ಬಂದೀನಿ."

"ನನ್ನ ಮಾತ ಹಿಡ್ಯಾಕ ನನ್ನ ಗಂಡನ ಕಡಿಂದ ಆಗಲಿಲ್ಲ, ಈ ಬದನೀಕಾಯಿ ಕಡಿಂದ ಆಕ್ಕೈತೇನ?"

ಸಾಲಿಗೆ ಸಾಲೇ ನಕ್ಕಿತು. ಆ ನಗುವನ್ನೂ ಇಟ್ಟುಕೊಂಡೆ. ಆಟದ ಬಗ್ಗೆ ಹೇಳಿದಾಗ ಅವರ ಕೈ ಒಂದು ಗಳಿಗೆ ನಿಂತಿತು.

"ಅಂದ್ರ ಇದು ಹುಡುಗ್ರು ಆಡೂ ಮೊಬೈಲದಾಗ ಬರತೈತಿ?"

"ಬರ್ತದ್ರಿ."

"ನನ್ನ ಮಗಳು ಜೈತೂನಬಿನ್ನ ಸಿಂದಗಿಗೆ ಕೊಟ್ಟೇನಿ. ಅಕಿ ಮಕ್ಕಳು ಯಾವಾಗ ನೋಡಿದ್ರೂ ಮೊಬೈಲದಾಗ. ನಾ ಫೋನ್ ಹಚ್ಚಿದ್ರ ಅವ್ವನ ಕೈಯಾಗ ಕೊಟ್ಟು ಓಡತಾವು. ನಾನ ಹೋಗಿ ಆಟದಾಗ ಕುಂತ್ರ ಎಲ್ಲಿ ಓಡತಾವು? ಅಜ್ಜಿ ಹೇಳಿದ್ದು ಕೇಳಬೇಕಲ್ಲ ಆವಾಗ."

"ಮುಂದಿನ ಸುಗ್ಗಿಯೊಳಗ ಅವರ ಕೈಯಾಗ ಇರ್ತದ್ರಿ ಚಾಚಿ," ಎಂದೆ. ಪಕ್ಕದಲ್ಲಿ ನಿಂತ ಪ್ರಾಣೇಶನೂ ಆತು ಎಂದು ತಲೆಯಾಡಿಸಿದ.

ಆಮೇಲೆ ಅವರು ಮಾತಾಡಿದರು ನೋಡಿ. "ಎಡಕ್ಕ ಹೊಳ್ಳು ಮಗಾ, ಬಲಕ್ಕ ಚೀಲದ ಥಪ್ಪಿ ಐತಿ, ಬಿದ್ದೀ." "ಸೀನು ಬಂದ್ರ ಸೀನು, ತಡೀಬ್ಯಾಡ." ನಡುವೆ, ನಾನು ಬರೆದುಕೊಡದೆಯೇ, ದನಿ ತಗ್ಗಿಸಿ ಒಂದು ಮಾತು: "ಉಂಡೀಯೇನ? ಉಣ್ಣಲಾರದ ಆಡಬ್ಯಾಡ." ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಅದನ್ನು ಎಷ್ಟು ಸಲ ಕೇಳಿದೆನೋ. ಧ್ವನಿಯ ಹಿಂದಿನ ಗದ್ದಲವನ್ನು ತೆಗೆಯಬಹುದಿತ್ತು, ತೆಗೆಯಲಿಲ್ಲ. ಗದ್ದಲ ತೆಗೆದರೆ ಅವರು ಎಲ್ಲಿ ಕೂತಿದ್ದಾರೆಂದು ಮೊಮ್ಮಕ್ಕಳಿಗೆ ಹೇಗೆ ತಿಳಿಯಬೇಕು?

ತಂಡ ಬೆಳೆಯಿತು. ಭಾನುವಾರದ ಕೂಟ ಹಾವೇರಿಯಲ್ಲಿ, ಪ್ರಾಣೇಶನ ಮನೆಯ ಪಡಸಾಲೆಯಲ್ಲಿ. ಅವನ ತಾಯಿ ಮಥುರಾಬಾಯಿಯವರದು ಒಂದೇ ನೇಮ: ಮನೆಗೆ ಬಂದವರು ಬರಿಗೈಯಲ್ಲಿ ಹೋಗಕೂಡದು. ಹೆಣ್ಣುಮಕ್ಕಳಿಗೆ ಕುಂಕುಮ, ಕುಪ್ಪಸದ ಖಣ. ಗಂಡಸರಿಗೆ ಒಂದು ತೆಂಗಿನಕಾಯಿಯಾದರೂ. ಹಚ್ಚಿದ ಅವಲಕ್ಕಿ ತಿನ್ನದೆ ಎದ್ದವರನ್ನು ನಾನು ನೋಡಿಲ್ಲ. ಆ ನೇಮ ಮಗನಿಗೂ ಬಂದಿತ್ತು. ಆದರೆ ಅವನ ಹತ್ತಿರ ಕೊಡಲು ಖಣವಿಲ್ಲ, ಕಾಯಿಯಿಲ್ಲ. ಹಾಗಾಗಿ ತಂಡಕ್ಕೆ ಬಂದವರಿಗೆಲ್ಲ ಆಟದಲ್ಲಿ ಒಂದೊಂದು ಹಂತ ಕೊಡುತ್ತಿದ್ದ.

ಮೊದಲು ಬಂದವನು ಅಗಡಿಯ ಸುದೀಪ. ಹಾವೇರಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ, ಚಿತ್ರ ಬಲು ಚೆಂದ ಬಿಡಿಸುತ್ತಾನೆ. "ಅಣ್ಣಾ, ಒಂದ ಟ್ರ್ಯಾಕ್ಟರ್ ರೇಸ್ ಇಡೋಣೇನ?" ಎಂದ. "ಆತು, ಇರಲಿ," ಎಂದ ಪ್ರಾಣೇಶ. ಅವನ ಹಿಂದೆ ಬಂದ ಮೇಡ್ಲೇರಿಯ ಗೆಳೆಯನಿಗೆ ಹೊಳೆ ದಾಟುವುದು ಬೇಕಿತ್ತು. ಆತು. ನಮ್ಮೂರಿನ ಒಬ್ಬರಿಗೆ ಕೃಷ್ಣಮೃಗ ಬೇಕಿತ್ತು. ಅದೂ ಆತು. ಕೊನೆಗೆ ಬಂದವನು ಋಷಿಕೇಶ. ಯಾವುದೋ ಬ್ಯಾಂಕಿನಲ್ಲಿ ಕಂಪ್ಯೂಟರ್ ಸಂಬಾಳಿಸುವವನು, ನಮ್ಮೆಲ್ಲರಿಗಿಂತ ಚುರುಕು. ಅವನಿಗೆ ಅಸ್ಥಿಪಂಜರಗಳ ಜೊತೆ ಕತ್ತಿವರಸೆ ಬೇಕಿತ್ತು.

"ಮೆಣಸಿನಕಾಯಿ ಪ್ಯಾಟ್ಯಾಗ ಅಸ್ಥಿಪಂಜರ ಎಲ್ಲಿಂದ ಬರ್ತಾವು?" ಎಂದು ನಾನು ಕೇಳಿದೆ.

"ಗೋದಾಮಿನ್ಯಾಗಿಂದ," ಎಂದ ಪ್ರಾಣೇಶ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ನಗಿಸಿದರೆ ನಾನು ನಗದೆ ಇದ್ದದ್ದೇ ಇಲ್ಲ.

ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವಾಗ ಮುಗಿಯಬೇಕು ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಏನೋ ಬರೆದರೆ ಉಳಿದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಆಟದ ಹುಡುಗಿಗೆ ಲಂಗ ಇರಲಿ ಎಂದವರಿಗೂ ಹೆಬ್ಬೆಟ್ಟು, ಚೂಡಿದಾರ ಇರಲಿ ಎಂದವರಿಗೂ ಹೆಬ್ಬೆಟ್ಟು. ಸುದೀಪ ಹುಡುಗಿಯ ಚಿತ್ರವನ್ನು ಅಳಿಸಿ ಬರೆದು ಸೋತುಹೋದ. "ಅಕ್ಕಾ, ಇಕಿ ಏನ ಹಾಕ್ಕೊಂಡಾಳಂತ ಯಾರರ ಒಬ್ಬರು ಹೇಳ್ರಿ. ಅಕಿಗೂ ಚಳಿ ಆಗಾಕತ್ತೈತಿ," ಎಂದು ನನಗೆ ಫೋನ್ ಮಾಡಿದ್ದ. ಪ್ರಾಣೇಶನಿಗೆ ಹೇಳಿದೆ. "ಎರಡೂ ಇರಲಿ. ಆಡೋವ್ರು ಆರಿಸಿಕೊಳ್ಳಲಿ," ಎಂದ.

ಸುಗ್ಗಿ ಬಂತು, ಹೋಯಿತು. ಮೆಹಬೂಬಿ ಚಾಚಿ ಆಗಾಗ ಫೋನ್ ಹಚ್ಚುತ್ತಿದ್ದರು. "ಬಂತೇನವಾ?" "ಬರ್ಲಿಕ್ಕತ್ತದ್ರಿ." "ಸಾವಕಾಶ ಬರಲಿ ಬಿಡ. ಹಸಿ ಕಾಯಿ ಮಾರಬಾರದು."

ಮುಂದಿನ ಸುಗ್ಗಿಯ ಹೊತ್ತಿಗೆ ಪ್ರಾಣೇಶನ ಕಾಲೇಜಿನಲ್ಲಿ ಒಂದು ಪ್ರದರ್ಶನವಿತ್ತು. ನಮ್ಮ ಆಟವನ್ನೂ ಒಂದು ಮೇಜಿನ ಮೇಲೆ ಇಟ್ಟಿದ್ದರು. ಅದನ್ನು ಹೊರಗಿನವರು ಆಡುವುದನ್ನು ನಾನು ನೋಡಿದ್ದು ಅದೇ ಮೊದಲು. ಎರಡು ಜಡೆಯ ವಿದ್ಯಾರ್ಥಿನಿಯೊಬ್ಬಳು ಆಡುತ್ತಿದ್ದಳು. ಹಿಂದೆ ನಿಂತು ಅವಳ ಒಂದು ಇಯರ್‌ಫೋನ್ ಕೇಳಿ ಇಸಿದುಕೊಂಡೆ.

"ದಯವಿಟ್ಟು ಎಡಕ್ಕೆ ತಿರುಗಿ," ಎಂದಿತು ಯಂತ್ರದ ಒಂದು ಹೆಣ್ಣುದನಿ. ಯಾವ ಊರಿನದೂ ಅಲ್ಲದ ದನಿ. "ಎಚ್ಚರಿಕೆ. ಬಲಗಡೆ ಅಡೆತಡೆ ಇದೆ."

ಪರದೆಯಲ್ಲಿ ಧೂಳೂ ಇರಲಿಲ್ಲ. ಎಲ್ಲ ನಿಚ್ಚಳ. ಆಟದ ಹುಡುಗಿ ಮಾರುಕಟ್ಟೆಯನ್ನು ಉಗುಳು ನುಂಗುವಷ್ಟರಲ್ಲಿ ದಾಟಿ ಕತ್ತಿ ಹಿಡಿದುಕೊಂಡಳು. ಇಯರ್‌ಫೋನ್ ವಾಪಸು ಕೊಟ್ಟು ಹೊರಗೆ ಬಂದೆ. ಪ್ರಾಣೇಶ ನನ್ನ ಹಿಂದೆಯೇ ಬಂದ. ಮೆಟ್ಟಿಲ ಮೇಲೆ ಕೂತೆವು.

"ಚಾಚಿ ಧ್ವನಿ ಎಲ್ಲಿ ಹೋತು?"

"ಋಷಿಕೇಶ ತಗದಾನ. ಎಲ್ಲಾ ಹಂತ ಸೇರಿ ಆಟ ಭಾಳ ದೊಡ್ಡದಾಗಿತ್ತು, ಮೊಬೈಲ್ ತಡೀತಿರಲಿಲ್ಲ. ಧ್ವನಿ ತಗದ್ರ ಹಗುರ ಆಗ್ತದ ಅಂದ. ಆತು ಅಂದಿದ್ದೆ."

"ಧೂಳು?"

"ಧೂಳಿನ್ಯಾಗ ಕತ್ತಿ ಕಾಣೂದಿಲ್ಲಂತ."

"ಮತ್ತ ನನಗೇನಂದಿದ್ದಿ? ಚಾಚಿ ಮುಂದ ನಿಂತು?"

"ನಿನಗೂ ಆತು ಅಂದಿದ್ದೆ," ಎಂದ. ಮೋಸ ಮಾಡಿದವನ ಮುಖವಲ್ಲ ಅದು. ನನಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು.

ಧ್ವನಿಗಳು ನನ್ನ ಕಂಪ್ಯೂಟರಿನಲ್ಲಿ ಭದ್ರವಾಗಿದ್ದವು. ಹಾಗಾಗಿ ಇನ್ನೂ ದಾರಿಯಿದೆ ಎಂದುಕೊಂಡೆ. ಅಲ್ಲೇ ಕೂತು ಹೇಳಿದೆ: ಮಾರುಕಟ್ಟೆಯ ಹಂತ ಒಂದನ್ನೇ ಮೊದಲು ಮುಗಿಸೋಣ. ಯುಗಾದಿಗೆ ಅದನ್ನಷ್ಟೇ ಜನರ ಕೈಗೆ ಕೊಡೋಣ. ಟ್ರ್ಯಾಕ್ಟರು, ಹೊಳೆ, ಜಿಂಕೆ, ಕತ್ತಿ ಎಲ್ಲ ಆಮೇಲೆ. ಹೊಸಬರು ಬಂದರೆ ಇದೇ ಕೆಲಸಕ್ಕೆ ಕೈ ಹಾಕಲಿ. ಪ್ರಾಣೇಶ ನನ್ನ ಮುಖ ನೋಡುತ್ತ ಎಲ್ಲ ಕೇಳಿದ.

"ಖರೇ ಅದ. ಆತು, ಹಂಗ ಮಾಡೋಣ," ಎಂದ. ನಾನು ಬಸ್ಸಿನಲ್ಲಿ ಹಾಡು ಗುನುಗುತ್ತ ಊರಿಗೆ ಬಂದೆ.

ಮುಂದಿನ ಭಾನುವಾರ ಪಡಸಾಲೆಯಲ್ಲಿ ಮಧು ಎಂಬ ಹೊಸ ಹುಡುಗಿ ಕೂತಿದ್ದಳು. ಪಾಪ, ಉತ್ಸಾಹದಿಂದ ಬಂದಿದ್ದಳು. ಗಾಳಿಪಟ ಹಾರಿಸುವ ಒಂದು ಹಂತ ಇದ್ದರೆ ಹೇಗೆ ಎಂದಳು. ನಾನು ಅವಲಕ್ಕಿ ತಟ್ಟೆ ಕೆಳಗಿಟ್ಟೆ.

"ಆತು," ಎಂದ ಪ್ರಾಣೇಶ. "ಅದೂ ಒಂದ ಹಂತ ಇರಲಿ."

ಮೆಟ್ಟಿಲ ಮೇಲೆ ನನಗೆ ಅಂದದ್ದೂ ಇದೇ ದನಿಯಲ್ಲಿ. ಧ್ವನಿಯ ಕೆಲಸ ಮಾಡುವವಳಿಗೆ ಅಷ್ಟು ತಿಳಿಯುತ್ತದೆ. ಒಂದು ಎಳೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಎಲ್ಲರೂ ಹೋಗುವ ತನಕ ಕಾದೆ. ಅವನು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ.

"ಪ್ರಾಣೇಶ, ನಾ ತಂಡ ಬಿಡ್ತೀನಿ."

ಅವನ ಕೈ ನಿಂತಿತು.

"ಕೆಲಸಕ್ಕ ಬ್ಯಾಸತ್ತಿಲ್ಲ ನಾ. ಯಾವದು ಕೆಲಸ ಅಂತ ಗೊತ್ತಿಲ್ಲದ ಮಾಡೂದಕ್ಕ ಬ್ಯಾಸತ್ತೀನಿ. ಒಬ್ಬರಿಗಾದ್ರೂ ನೀ ಇಲ್ಲಾ ಅನಬೇಕಿತ್ತು. ಮೊದಲ ದಿನಾನ ನನಗ ಅಂದಿದ್ರೂ ನಡೀತಿತ್ತು, ಚಾಚಿಗೆ ಮಾತು ಕೊಡ್ತಿರಲಿಲ್ಲ."

"ಪುಕ್ಕಟ ದುಡಿಯೋ ಮಂದಿ, ಮೃಣಾಲಿನಿ. ಒಂದಿದ್ದ ರಜಾ ಬಿಟ್ಟು ಬರ್ತಾರ. ಅವರಿಗೆ ಕೊಡ್ಲಿಕ್ಕೆ ನನ್ನ ಹತ್ರ ಇನ್ನೇನದ ಹೇಳು."

ಚೀಲ ಹೆಗಲಿಗೆ ಹಾಕಿಕೊಂಡೆ. ಚಪ್ಪಲಿಯ ಪಟ್ಟಿ ಬಿಗಿಯಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ಹೋಗಬೇಡ ಎನ್ನಲಿ, ಒಂದೇ ಒಂದು ಸಲ ಬೇಡ ಎನ್ನಲಿ. ಅಂದರೆ ಚಪ್ಪಲಿ ಬಿಚ್ಚಿ ಒಳಗೆ ಬಂದು ಆ ತಟ್ಟೆಗಳನ್ನೆಲ್ಲ ನಾನೇ ತೊಳೆಯುತ್ತೇನೆ ಎಂದುಕೊಂಡೆ.

"ಆತು," ಎಂದ ಪ್ರಾಣೇಶ. "ನಿನಗ ಹೆಂಗ ಸರಿ ಅನಸ್ತದೋ ಹಂಗ ಮಾಡು."

ಒಳಗಿಂದ ಮಥುರಾಬಾಯಿ, "ಮೃಣಾಲಿನಿ, ಮುಂದಿನ ವಾರ ಲಗೂನ ಬಾ, ಹೋಳಿಗಿ ಮಾಡೋದದ," ಎಂದರು. ಅವರಿಗೆ ಏನು ಹೇಳಿದೆನೋ ನೆನಪಿಲ್ಲ.

ಮರುದಿನ ಗುಂಪಿನಲ್ಲಿ ಎರಡು ಸಾಲು ಬರೆದೆ, ತಂಡ ಬಿಡುತ್ತಿದ್ದೇನೆ, ಎಲ್ಲರಿಗೂ ಒಳ್ಳೆಯದಾಗಲಿ ಎಂದು. ಒಂದಾದ ಮೇಲೊಂದು ಹೆಬ್ಬೆಟ್ಟು ಬಂದವು. ಪ್ರಾಣೇಶನದೂ ಬಂತು. ಫೋನ್ ಮಾಡಿದವನು ಸುದೀಪ ಒಬ್ಬನೇ.

"ಅಕ್ಕಾ, ನಾ ಓದಲಾರದ ಹೆಬ್ಬೆಟ್ಟ ಒತ್ತಿಬಿಟ್ಟಿದ್ನಿ. ಈಗ ಓದಿದ್ನಿ," ಎಂದ.

ಚಾಚಿಗೆ ಫೋನಿನಲ್ಲಿ ಹೇಳುವ ಮಾತಲ್ಲ ಇದು. ಬ್ಯಾಡಗಿಗೆ ಹೋದೆ. ಅವರು ತಮ್ಮ ಕಾಯಿಯ ಗುಡ್ಡೆಯನ್ನು ಸರಿಸಿ, ಪಕ್ಕದಲ್ಲಿ ಗೋಣಿತಟ್ಟು ಹಾಸಿದರು. ನಾನೂ ತೊಟ್ಟು ಮುರಿಯುತ್ತ, ತಂಡ ಬಿಟ್ಟದ್ದನ್ನು ತಲೆ ತಗ್ಗಿಸಿಯೇ ಹೇಳಿ ಮುಗಿಸಿದೆ.

"ನೀ ಬಿಟ್ಟೀ ಅಂದ್ರ ಆಟ ನಿಂತಿತೇನ?"

"ಆಟ ನಿಂತಿಲ್ರಿ. ನಡದದ. ಅದರಾಗ ನೀವಿಲ್ಲ."

ಚಾಚಿ ಇನ್ನೊಂದು ಹಿಡಿ ಕಾಯಿ ಎಳೆದುಕೊಂಡು ತೊಟ್ಟು ಮುರಿಯತೊಡಗಿದರು.

"ನಾ ಏನರ ತಪ್ಪ ಮಾತಾಡಿದ್ನೇನ?"

"ಇಲ್ರಿ ಚಾಚಿ."

"ಲಗೂ ಲಗೂ ಹೇಳಿದ್ನೇನೋ. ಮೊದ್ಲ ಹೇಳಿದ್ರ ಸಾವಕಾಶ ಹೇಳತಿದ್ನೆಲ್ಲವಾ. ಇನ್ನೊಮ್ಮೆ ಹೇಳ ಅಂದಿದ್ರ ಹೇಳತಿದ್ನಿ."

"ನಿಮ್ಮ ಮಾತಿನ್ಯಾಗ ಏನೂ ತಪ್ಪಿರಲಿಲ್ರಿ," ಎಂದೆ. ನಂಬಿದ ಹಾಗೆ ಕಾಣಲಿಲ್ಲ. ರೆಕಾರ್ಡ್ ಮಾಡಿದ್ದನ್ನು ಜೈತೂನಬಿಯ ಫೋನಿಗೆ ಇವತ್ತೇ ಕಳಿಸುತ್ತೇನೆ ಎಂದೆ.

"ಕಳಿಸು," ಎಂದರು. "ಆದ್ರ ಅದೂ ಫೋನಿನ್ಯಾಗ ಅಜ್ಜಿ ಮಾತಾಡಿದಂಗ ಆತಲ್ಲ. ಅವ್ವನ ಕೈಯಾಗ ಕೊಟ್ಟು ಓಡತಾವು."

ಆಚೆ ಗುಡ್ಡೆಯ ನಿರ್ಮಲಾ ನನ್ನ ಗುರುತು ಹಿಡಿದಳು. "ಏನ ಮೆಹಬೂಬಿ, ನಿನ್ನ ಆಟದಾಕಿ ಬಂದಂಗೈತಿ. ಎಲ್ಲೈತಿ ಆಟ? ಮೊಮ್ಮಕ್ಕಳ ಲಗ್ನಕ್ಕರ ಬರತೈತೋ ಇಲ್ಲೋ?"

ಸಾಲಿನವರೆಲ್ಲ ನನ್ನ ಕಡೆ ತಿರುಗಿದರು. ಇಲ್ಲ, ಬರುವುದಿಲ್ಲ ಎನ್ನಲು ಬಾಯಿ ತೆರೆದೆ. ಚಾಚಿಯ ಕೈ ನನ್ನ ಮಂಡಿಯ ಮೇಲೆ ಬಂತು.

"ಬರತೈತಿ. ದೊಡ್ಡ ಕೆಲಸ ಅದು, ನಿನ್ನಂಗ ಗಡಿಬಿಡಿ ಮಾಡಿದ್ರ ಆಗೂದಿಲ್ಲ," ಎಂದರು ನಿರ್ಮಲಾಗೆ, ಎಲ್ಲರಿಗೂ ಕೇಳುವ ಹಾಗೆ.

"ಹಂಗಾರ ನಂದೂ ಒಂದ ಮಾತ ಹಾಕಸ ಅದರಾಗ."

"ಇಲ್ಲ," ಎಂದರು ಮೆಹಬೂಬಿ ಚಾಚಿ. "ಜಾಗ ಇಲ್ಲ. ನನ್ನ ಮಾತಿಗೇ ಸಾಲವಲ್ದು."

ಸಾಲು ನಕ್ಕಿತು. ಕೈ ಮಾತ್ರ ನನ್ನ ಮಂಡಿಯ ಮೇಲೆಯೇ ಇತ್ತು.