ಶೋಶಮ್ಮನ ಊಟದ ಮೇಜು

ಏಲಿಯಮ್ಮ ಟೀಚರ್ ಕುದಿಯುತ್ತಿದ್ದ ಗಂಜಿಗೆ ಇನ್ನೊಂದು ಕೊಡ ನೀರು ಸುರಿದರು. ಗೋಡೆಯಾಚೆಯ ಅಂಗಳಕ್ಕೆ ಜನ ಇನ್ನೂ ಬರುತ್ತಲೇ ಇದ್ದರು.

"ಎಷ್ಟು ಜನ ನೋಡಿ ಟೀಚರೇ!" ಹಪ್ಪಳ ಕರಿಯುತ್ತಿದ್ದ ಎದುರುಮನೆ ಥ್ರೇಸ್ಯ ಮುಖ ಒರೆಸಿಕೊಂಡಳು. "ಬಿಷಪ್ಪರು ತೀರ್ಕೊಂಡ್ರೂ ಇಷ್ಟು ಸೇರಲ್ಲ."

"ನರ್ಸ್ ಹುಡುಗೀರು. ಒಬ್ಳು ಹೊರಟ್ರೆ ಎಲ್ರೂ ಹೊರಡ್ತಾರೆ. ನೀನು ಹಪ್ಪಳ ನೋಡು, ಸೀದು ಹೋಗ್ತಿದೆ."

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಮಣ್ಣು ಮಾಡಿ ಬಂದವರಿಗೆ ನೆರೆಯವರೇ ಗಂಜಿ, ಹೆಸರುಕಾಳಿನ ಪಲ್ಯ ಮಾಡಿ ಬಡಿಸಬೇಕು. ತೀರಿಕೊಂಡ ಶೋಶಮ್ಮನಿಗೆ ಗೋಡೆಗೆ ತಾಗಿದ ನೆರೆಯವರೆಂದರೆ ಏಲಿಯಮ್ಮನೇ. ಕೇರಳದ ತಿರುವಲ್ಲದಲ್ಲಿ ಅರ್ಧ ಊರಿಗೆ ಇಂಗ್ಲಿಷ್ ವ್ಯಾಕರಣ ಕಲಿಸಿದವರು ಅವರು. ಆದರೆ ನಿವೃತ್ತರಾದ ಮೇಲೆ ಪಾಠಕ್ಕೆಂದು ಅವರ ಜಗಲಿ ಹತ್ತಿದವರು ಬೆರಳೆಣಿಕೆಯಷ್ಟು. ವಿದೇಶಕ್ಕೆ ಹೊರಟ ಹುಡುಗಿಯರೆಲ್ಲ ಪಕ್ಕದ ಗೇಟನ್ನೇ ತಳ್ಳುತ್ತಿದ್ದರು. ಅಲ್ಲಿ ಪುಸ್ತಕವಿಲ್ಲ, ಕರಿಹಲಗೆಯಿಲ್ಲ. ಇದ್ದದ್ದು ಒಂದು ಊಟದ ಮೇಜು, ಮತ್ತೆ ಲಂಡನ್ನಿನಲ್ಲಿ ನರ್ಸಾಗಿದ್ದು ಬಂದ ಶೋಶಮ್ಮ.

ತನ್ನ ದಿನ ಬಂದಾಗ ಗಂಜಿಗೆ ನೀರು ಸೇರಿಸುವ ಪ್ರಸಂಗ ಬರಲಿಕ್ಕಿಲ್ಲ ಎಂದುಕೊಂಡರು ಏಲಿಯಮ್ಮ.

"ನಿಮ್ಮ ಲಿಜಿ ತಲೆ ಹತ್ರಾನೇ ಕೂತಿದಾಳೆ. ಹೆತ್ತ ಮಗಳ ಥರ. ಪಾಪ, ಅವರಿಗೆ ಮಕ್ಕಳಿರಲಿಲ್ವಲ್ಲ" ಎಂದಳು ಥ್ರೇಸ್ಯ.

ಏಲಿಯಮ್ಮ ಒಲೆಯ ಸೌದೆ ಮುಂದೆ ತಳ್ಳಿದರು. ಬೆಳಿಗ್ಗೆ ಐರ್ಲೆಂಡಿನಿಂದ ಬಂದಿಳಿದ ಮಗಳು ತಾಯಿಯ ಜಗಲಿಯಲ್ಲಿ ಬ್ಯಾಗು ಬಿಸಾಡಿ ಸೀದಾ ಅತ್ತ ಓಡಿದ್ದಳು. ತಾಯಿಯ ಕಣ್ಣಿನ ಆಪರೇಷನ್ನಿಗೆ ಅವಳಿಗೆ ರಜೆ ಸಿಕ್ಕಿರಲಿಲ್ಲ.

* * *

ಐರ್ಲೆಂಡಿಗೆ ಹೋಗುವ ಮುಂಚಿನ ಮಾತು. ಇಂಗ್ಲಿಷ್ ಬರೆಯುವುದರಲ್ಲಿ ಲಿಜಿ ಯಾವಾಗಲೂ ಮುಂದು. ಮಾತಿನ ಪರೀಕ್ಷೆಗೆ ಕೂತರೆ ಮಾತ್ರ ಬಾಯಿ ಕಟ್ಟುತ್ತಿತ್ತು. ಏಲಿಯಮ್ಮ ಅವಳನ್ನು ಎದುರಿಗೆ ಕೂರಿಸಿಕೊಂಡು ಪ್ರತಿ ವಾಕ್ಯವನ್ನೂ ತಿದ್ದಿದರು. ತಿದ್ದಿದಷ್ಟೂ ಹುಡುಗಿ ಮೂಕಿಯಾದಳು. ಕೊನೆಗೊಂದು ದಿನ, ಹೇಳದೆ ಕೇಳದೆ, ಪಕ್ಕದ ಗೇಟು ತಳ್ಳಿದಳು.

ಒಂದು ಸಂಜೆ ಬಟ್ಟೆ ತೆಗೆಯಲು ಹೋದ ಏಲಿಯಮ್ಮನಿಗೆ ಗೋಡೆಯಾಚೆಯಿಂದ ಮಗಳ ನಗು ಕೇಳಿಸಿತು. ಇಣುಕಿದರು. ಮೇಜಿನ ಮೇಲೆ ತರಕಾರಿ ಬುಟ್ಟಿಗಳು. ತಲೆಗೆ ಟವೆಲು ಸುತ್ತಿದ ಶೋಶಮ್ಮ ಅಂಗಡಿಯವಳು, ಲಿಜಿ ಗಿರಾಕಿ. ಹುಳುಕು ಬದನೆಕಾಯಿಯೊಂದನ್ನು ಎತ್ತಿ ಹಿಡಿದು, ದುಡ್ಡು ವಾಪಸು ಕೊಡು ಎಂದು ಇಂಗ್ಲಿಷಿನಲ್ಲಿ ಜಗಳ ಕಾಯುತ್ತಿದ್ದಳು. ಮಾತಿನ ತುಂಬ ತಪ್ಪು. ಆದರೆ ಮಾತು ನಿಲ್ಲುತ್ತಿರಲಿಲ್ಲ. ಆಮೇಲೆ ಪಾಠಕ್ಕೆ ಬಂದಿದ್ದ ಹುಡುಗಿಯರೆಲ್ಲ ಚಾಕು, ಮುಳ್ಳುಚಮಚ ಹಿಡಿದು ಊಟಕ್ಕೆ ಕೂತರು. ಯಾರದೋ ತಟ್ಟೆಯ ಮೊಟ್ಟೆ ಜಾರಿ ಶೋಶಮ್ಮನ ಗಂಡ ಕುರುವಿಳನ ಮಡಿಲಿಗೆ ಬಿತ್ತು.

"ಕೋಳಿಯಾದ್ರೂ ಕೂಗಿ ಹೇಳಿ ಮೊಟ್ಟೆ ಇಡುತ್ತಲ್ಲೇ!" ಎಂದ ಕುರುವಿಳ. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಶೋಶಮ್ಮ ಗೋಡೆಯತ್ತ ತಿರುಗಿದಳು. "ಟೀಚರೇ, ಬನ್ನಿ ಬನ್ನಿ! ನಿಮ್ಮಂಥ ಗಿರಾಕಿ ಇದ್ರೆ ಇವರಿಗೆ ಒಳ್ಳೆ ಇಂಗ್ಲಿಷ್ ಕಿವಿಗೆ ಬೀಳುತ್ತೆ."

"ನಮ್ಮನೇಲಿ ತರಕಾರಿ ಇದೆ" ಎಂದು ಏಲಿಯಮ್ಮ ಹಸಿ ಬಟ್ಟೆಗಳನ್ನೇ ಬಾಚಿಕೊಂಡು ಒಳಗೆ ಹೋದರು.

* * *

ಆ ಮಧ್ಯಾಹ್ನ ಇಗರ್ಜಿಯ ಪ್ರಾರ್ಥನೆಯಲ್ಲಿ, ಶವದ ಮುಖ ಮುಚ್ಚುವ ಮುನ್ನ ಎಲ್ಲರೂ ಸಾಲಾಗಿ ಬಂದು ಶೋಶಮ್ಮನ ಹಣೆಗೆ ಕೊನೆಯ ಮುತ್ತು ಕೊಟ್ಟರು. ಏಲಿಯಮ್ಮನೂ ಬಗ್ಗಿದರು. ತುಟಿಗೆ ಉಪ್ಪು ಹತ್ತಿತು. ಮಗಳ ಕಣ್ಣೀರಿರಬೇಕು. ಆ ತಣ್ಣನೆಯ ಹಣೆಯ ಮೇಲೂ ಅವರಿಗೆ ಹೊಟ್ಟೆ ಉರಿಯಿತು.

ಸಂಜೆ ಗಂಜಿ ಉಂಡ ಜನ ಚದುರಿದರು. ಕುರುವಿಳ ಒಳಗೆ ಮಲಗಿದ್ದ. ಶೋಶಮ್ಮನ ಅಡುಗೆಮನೆಯಲ್ಲಿ ಲಿಜಿ ತಟ್ಟೆ ತೊಳೆಯುತ್ತಿದ್ದಳು.

"ಬ್ಯಾಗು ನಮ್ಮ ಜಗಲೀಲೇ ಬಿದ್ದಿದೆ" ಎಂದರು ಏಲಿಯಮ್ಮ, ಬಾಗಿಲಲ್ಲೇ ನಿಂತು. "ಮನೆಗೆ ಬರ್ತೀಯೋ ಇಲ್ವೋ?"

"ಅಂಕಲ್ ಒಬ್ರೇ ಇದಾರೆ ಅಮ್ಮಚ್ಚಿ. ಇವತ್ತು ಇಲ್ಲೇ ಇರ್ತೀನಿ."

"ಇರು. ನಾನೂ ಒಬ್ಳೇ ಇದೀನಿ, ಅದು ಬೇರೆ ಮಾತು. ಅಂಥಾದ್ದೇನು ಕೊಟ್ಳೇ ಅವಳು ನಿನಗೆ?"

ಲಿಜಿ ನಲ್ಲಿ ನಿಲ್ಲಿಸಿದಳು. "ಆಂಟಿ ಮೊದಲು ಲಂಡನ್ನಿಗೆ ಹೋದಾಗ ಎಲ್ಲರ ಜೊತೆ ಊಟಕ್ಕೆ ಕೂರೋಕೆ ಹೆದರ್ತಿದ್ರಂತೆ. ಚಾಕು ಹಿಡಿಯೋಕೆ ಬರಲ್ಲ, ಉಪ್ಪು ಕೇಳೋಕೆ ಬಾಯಿ ಬರಲ್ಲ. ಬಚ್ಚಲುಮನೆ ಚಿಲಕ ಹಾಕ್ಕೊಂಡು ಬಿಸ್ಕತ್ತು ತಿಂತಿದ್ರಂತೆ. ನಮ್ಮ ಹುಡುಗೀರು ಯಾರೂ ಹಾಗೆ ಹಸಿದಿರಬಾರ್ದು ಅಂತ ಕಲಿಸಿದ್ರು."

"ನಾನು ನಿನ್ನ ಹಸಿವಲ್ಲಿ ಇಟ್ಟಿದ್ನಾ?"

"ಇಲ್ಲ ಅಮ್ಮಚ್ಚಿ. ನಿನ್ನ ಮುಂದೆ ಮಾತಾಡೋಕೆ ಭಯ ಆಗೋದು. ಅಷ್ಟೇ."

ಏಲಿಯಮ್ಮ ಹೊಸ್ತಿಲು ದಾಟಿ ಒಳಗೆ ಬಂದರು.

ಲಿಜಿ ತಾಯಿಯ ಮುಖವನ್ನೇ ನೋಡಿದಳು. "ನೀನು ಉಂಡ್ಯಾ?"

ಬೆಳಗಿನಿಂದ ಯಾರೂ ಕೇಳಿರಲಿಲ್ಲ. ಏಲಿಯಮ್ಮ ಇಲ್ಲವೆಂದು ತಲೆಯಾಡಿಸಿದರು.

ಮಗಳು ಕೈಯೊರೆಸಿಕೊಂಡು ಒಂದು ಕುರ್ಚಿ ಎಳೆದಳು. ತಳದಲ್ಲುಳಿದಿದ್ದ ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿದಳು. ಗಂಜಿ ಉಣ್ಣಲೆಂದು ತಂದಿದ್ದ ಹಲಸಿನೆಲೆ ಮಡಚಿ, ತೆಂಗಿನ ಗರಿಯ ಕಡ್ಡಿ ಚುಚ್ಚಿ ತಾಯಿಗೊಂದು ಚಮಚ ಮಾಡಿಕೊಟ್ಟಳು. ಆ ಮನೆಯ ಮೇಜಿಗೆ ಏಲಿಯಮ್ಮ ಕೂತದ್ದು ಅದೇ ಮೊದಲು. ಆಪರೇಷನ್ನಾದಾಗಿನಿಂದ ಅವರಿಗೆ ಹತ್ತಿರದ ವಸ್ತುಗಳ ಅಳತೆ ಸರಿಯಾಗಿ ಸಿಗುತ್ತಿರಲಿಲ್ಲ. ಎಲೆ ಬಾಯಿಗೆ ಬರುವ ಮುಂಚೆಯೇ ವಾಲಿತು. ಗಂಜಿ ಬಿಳಿ ಸೀರೆಯ ಮೇಲೆ ಸುರಿದು, ಮಡಿಲಿನ ನಿರಿಗೆಗಳಲ್ಲಿ ಇಳಿಯಿತು.

ಈಗ ಮಗಳು ತಿದ್ದುತ್ತಾಳೆ ಎಂದು ಏಲಿಯಮ್ಮ ತಟ್ಟನೆ ತಲೆಯೆತ್ತಿದರು.

ಲಿಜಿ ಏನೂ ಕಾಣದವಳಂತೆ ಎದುರಿನ ಕುರ್ಚಿಯಲ್ಲಿ ಕೂತು, ತಲೆ ತಗ್ಗಿಸಿ, ತನಗೊಂದು ಎಲೆ ಮಡಚಿಕೊಳ್ಳುತ್ತಿದ್ದಳು.